ಹಿತ್ತಲ ದೋಣಿಗೆ ನೀರು

ನಮ್ಮ ಮನೆಯ ತಲಬಾಗಿಲಿಗೆ ವರ್ಷದಲ್ಲಿ ಎರಡು ಸ್ವಭಾವ. ಮಳೆಗಾಲದಲ್ಲಿ ಅದು ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡು, ಭುಜ ಕೊಟ್ಟು ನೂಕಿದ ಹೊರತು ತೆರೆಯುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಕುಗ್ಗಿ, ಅಗಳಿ ಹಾಕಿ ಭದ್ರಪಡಿಸಿದರೂ, ಹಲಗೆ ಹಲಗೆಗಳ ನಡುವಿನ ಸಂದಿಯಿಂದ ಬೀದಿಯಲ್ಲಿ ಹೋಗುವವರು ನಮ್ಮ ಪಡಸಾಲೆಯಲ್ಲಿ ಯಾರು ಕೂತಿದ್ದಾರೆ, ಏನು ತಿನ್ನುತ್ತಿದ್ದಾರೆ ಎಂಬುದನ್ನು ವಿಚಾರಿಸಿಕೊಂಡೇ ಮುಂದೆ ಸಾಗುತ್ತಾರೆ. ಬಾಗಲಕೋಟೆಯ ಬಿಸಿಲು ಕಟ್ಟಿಗೆಯ ಕುಲಗೋತ್ರ ಕೇಳುವುದಿಲ್ಲ. ಸಾಗವಾನಿಯಿರಲಿ, ಬೇವಿರಲಿ, ಜಾಲಿಯಿರಲಿ, ಚೈತ್ರ ಬಂತೆಂದರೆ ಎಲ್ಲವೂ ಟಕ್ಕೆಂದು ಸದ್ದು ಮಾಡಿ ಸೀಳುತ್ತವೆ. ನಾನು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಮಾಸ್ತರ. ಒಮ್ಮೆ ವರ್ಷಾಋತುವಿನ ವರ್ಣನೆಯ ಶ್ಲೋಕವೊಂದನ್ನು ಅನ್ವಯಸಹಿತ ಬಿಡಿಸಿ ಹೇಳುತ್ತಿದ್ದಾಗ ನನ್ನ ಬೆನ್ನ ಹಿಂದಿನ ಕರಿಹಲಗೆ ನಟ್ಟನಡುವೆ ಸೀಳಿತು. ಅದು ನನ್ನ ಪಾಠದ ಪರಿಣಾಮವೆಂದು ಇಡೀ ವರ್ಗ ತೀರ್ಮಾನಿಸಿತು, ನಾನೂ ಅದನ್ನು ಅಲ್ಲಗಳೆಯಲಿಲ್ಲ.

ಕಟ್ಟಿಗೆಯ ಈ ಗುಣ ನಮ್ಮ ಕಡೆಯವರಿಗೆ ತಿಳಿಯದ್ದಲ್ಲ. ಚಕ್ಕಡಿಯ ಗಾಲಿ ಸಡಿಲಾದರೆ ಹೊಳೆಯಲ್ಲಿ ನೆನೆಹಾಕುವುದನ್ನು ನಾವೆಲ್ಲ ನೋಡುತ್ತಲೇ ಬೆಳೆದವರು. ಹೀಗಿದ್ದೂ, ಓದುಗ ಮಿತ್ರರೇ, ನಾವು ಮನೆಯವರೆಲ್ಲ ಒಂದು ದೋಣಿಯನ್ನು ಅದಕ್ಕೆ ನೀರಿನ ಹನಿ ಕೂಡ ತಾಕದಂತೆ ತಿಂಗಳುಗಟ್ಟಲೆ ಜೋಪಾನ ಮಾಡಿದೆವೆಂದರೆ ನೀವು ನಗುತ್ತೀರಿ. ನಗಬೇಕಾದ್ದೇ. ಆದರೆ ಒಂದು ಮಾತು ನಮ್ಮ ಪರವಾಗಿಯೂ ಹೇಳಬೇಕು. ನಮ್ಮ ಸೀಮೆಯಲ್ಲಿ ಜೋಪಾನ ಮಾಡುವುದೆಂದರೆ ಒಣಗಿಸಿ ಇಡುವುದು. ಜೋಳ, ತೊಗರಿ, ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಅಜ್ಜನ ಕಾಲದ ಪೋಥಿಗಳು, ಯಾವುದೇ ಆಗಲಿ, ಒಣಗಿದ್ದರೆ ಉಳಿಯಿತು, ಹಸಿ ತಾಕಿದರೆ ಕೆಟ್ಟಿತು. ಪ್ರೀತಿಯ ವಸ್ತುವನ್ನು ಕಾಪಾಡಲು ನಮ್ಮವ್ವನಿಗೆ ಇದಕ್ಕಿಂತ ಬೇರೆ ವಿಧಾನ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ದೋಣಿ ನನ್ನ ತಮ್ಮ ವಾಸುದೇವನದು. ನಾವು ಆಗ ಮುಂಬೈ ಪ್ರಾಂತಕ್ಕೆ ಸೇರಿದವರು. ಪ್ರಾಂತದ ಸರಕಾರಿ ನೌಕರಿಯಲ್ಲಿ ಬಾಗಲಕೋಟೆಯ ಹುಡುಗನನ್ನು ಕಾರವಾರಕ್ಕೆ ಹಾಕುವುದು ಸಹಜವಾಗಿತ್ತು. ಘಟಪ್ರಭೆಯ ಮಡುವಿನಲ್ಲಿ ಈಜು ಕಲಿತ ವಾಸು ಅಲ್ಲಿಗೆ ಕಾರಕೂನನಾಗಿ ಹೋದ, ಕಡಲನ್ನು ಕಂಡ, ಮರುಳಾದ. ರಜೆಯಲ್ಲಿ ಊರಿಗೆ ಬಂದಾಗ ಅವನ ಬಾಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಅಲ್ಲಿಯವರು ‘ಪಾತಿ’ ಎಂದು ಕರೆಯುವ, ಇಬ್ಬರು ಕೂತರೆ ತುಂಬಿಹೋಗುವ ಒಂದು ಪುಟ್ಟ ದೋಣಿಯನ್ನು ಕೊಂಡಿದ್ದ. ಭಾನುವಾರಗಳಲ್ಲಿ ದಂಡೆಯ ಹತ್ತಿರ ಹತ್ತಿರವೇ ಅದನ್ನು ನಡೆಸುತ್ತಿದ್ದ. ಒಂದು ಸಲ ದೀಪಾವಳಿ ಕಳೆದು ಕಡಲು ಶಾಂತವಾದ ಮೇಲೆ ಕಾರವಾರದಿಂದ ಹೊರಟು, ಬೇಲೆಕೇರಿ, ಅಂಕೋಲೆ ಎಂದು ದಂಡೆ ಹಿಡಿದು, ಸಂಜೆಯಾದಲ್ಲಿ ಇಳಿದು, ಗೋಕರ್ಣದವರೆಗೆ ಹೋಗಬೇಕೆಂಬುದು ಅವನ ಆಸೆ. ಜೊತೆಗೆ ನನ್ನನ್ನೂ ಕರೆದೊಯ್ಯಬೇಕೆಂಬುದು ಆ ಆಸೆಯ ಅತ್ಯಂತ ಅವಿವೇಕದ ಭಾಗ. ಸ್ನಾನದ ಹಂಡೆಯೊಳಗೆ ಬಗ್ಗಿ ನೋಡಿದರೂ ನನಗೆ ತಲೆ ಸುತ್ತುತ್ತದೆ.

ಆ ಯಾತ್ರೆಗೆ ಮುಂಚೆ ಕೆಮ್ಮು ಬಂತು. ಕೆಮ್ಮಿನ ಹಿಂದೆ ಜ್ವರ, ಜ್ವರದ ಹಿಂದೆ ರಕ್ತ. ಕ್ಷಯವೆಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಆಡದಿದ್ದರೂ ಸುದ್ದಿ ತಾನಾಗಿ ನಡೆದುಹೋಗಿ, ಅವನಿಗೆ ಹೆಣ್ಣು ಕೊಡುತ್ತೇವೆಂದು ಬಂದಿದ್ದ ಹುನಗುಂದದ ಕಡೆಯವರು ಮತ್ತೆ ಬರಲಿಲ್ಲ. ವಾಸುವನ್ನು ದೂರದ ಒಂದು ದವಾಖಾನೆಯಲ್ಲಿ ಇಟ್ಟೆವು. ಕಾರವಾರದ ಖೋಲಿಯನ್ನು ತೆರವು ಮಾಡಬೇಕಾಗಿ ಬಂದು, ಅವನ ಗೆಳೆಯರು ಸಾಮಾನನ್ನೆಲ್ಲ ಕಟ್ಟಿ, ನಾಟಾ ತುಂಬಿದ ಲಾರಿಯ ಮೇಲೆ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ, ಅಲ್ಲಿಂದ ಇನ್ನೊಂದು ಲಾರಿಯಲ್ಲಿ ನಮ್ಮೂರಿಗೆ ಕಳಿಸಿದರು. ಹೀಗೆ ದೋಣಿ ಅವನಿಗಿಂತ ಮೊದಲು ಮನೆಗೆ ಬಂತು.

ಓಣಿಗೆ ಓಣಿಯೇ ನೋಡಲು ನೆರೆಯಿತು. ನಮ್ಮ ಜನಕ್ಕೆ ಗೊತ್ತಿದ್ದದ್ದು ತೊಗಲು ಹೊದಿಸಿದ ದುಂಡನೆಯ ಹರಿಗೋಲು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಹೊಳೆಯ ಮನಸ್ಸು ಬಂದಂತೆ ಗಿರಗಿರ ತಿರುಗುತ್ತ ದಡ ಸೇರುತ್ತದೆ. ಮೂತಿಯುಳ್ಳ ಈ ಪ್ರಾಣಿಯ ಮುಖ ಯಾವ ಕಡೆಗೆ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ಅವ್ವ ಎರಡೂ ಕಡೆಗೆ ಅರಿಷಿಣ ಕುಂಕುಮ ಹಚ್ಚಿ ಚರ್ಚೆಯನ್ನು ಮುಗಿಸಿದಳು. ಆಮೇಲೆ ಅದನ್ನು ಖಾಲಿಯಿದ್ದ ದನದ ಕೊಟ್ಟಿಗೆಗೆ ಒಯ್ದು, ನೆಲದ ತಂಪು ತಾಗಬಾರದೆಂದು ಕಲ್ಲುಗಳ ಮೇಲೆ ಇಟ್ಟು, ಕೆಳಗೆ ಸುಣ್ಣ ಹರವಿ, ಒಳಗೆ ಬೇವಿನ ಸೊಪ್ಪು ತುಂಬಿ, ಮೇಲೆ ಒಣಹುಲ್ಲು ಹೊದಿಸಿದಳು. ವರ್ಷದ ಜೋಳಕ್ಕೆ ಏನೇನು ಉಪಚಾರ ಉಂಟೋ ಅಷ್ಟೂ ಅದಕ್ಕೆ ಸಂದಿತು. ಮಳೆಗಾಲದಲ್ಲಿ ಕೊಟ್ಟಿಗೆ ಸೋರಿದಾಗ ನಾನೇ ಮಾಳಿಗೆಗೆ ಹತ್ತಿ ಮಣ್ಣು ಮೆತ್ತಿಸಿ, ದೋಣಿಯ ಮೇಲೆ ಒಂದು ಹನಿಯೂ ಬೀಳದಂತೆ ನೋಡಿಕೊಂಡೆ. ಅದನ್ನು ಕಾಯುವುದು ಅವನನ್ನೇ ಕಾಯುವ ಹಾಗೆ ನಮಗೆ ಆಗಿಹೋಗಿತ್ತು.

ವಾಸು ಮಾಘದಲ್ಲಿ ಮನೆಗೆ ಬಂದ. ದವಾಖಾನೆಯಿಂದ ಅವನನ್ನು ಹೊರಡಿಸುವ ಮೊದಲು ಡಾಕ್ಟರರು ನನ್ನನ್ನು ವರಾಂಡಕ್ಕೆ ಕರೆದು, ನನ್ನ ಮುಖ ನೋಡದೆ, ಎದುರಿನ ಗುಲಮೊಹರಿನ ಗಿಡ ನೋಡುತ್ತ ಹೇಳಿದ್ದರು: “ಒಂದು ಫುಪ್ಪುಸ ಹೋಗ್ಯದ. ಇನ್ನೊಂದಕ್ಕೂ ತಗಲೇದ. ಹೊಸಾ ಇಂಜೆಕ್ಷನ್ ಎಲ್ಲಾ ಕೊಟ್ಟು ನೋಡೇವಿ. ನಿಮ್ಮೂರ ಹವಾ ಒಣಾ ಅದ, ಅಲ್ಲೇ ಇಟ್ಟುಗೋರ್ರಿ. ಮನಸ್ಸಿಗೆ ಹತ್ತೂ ಅಂಥಾ ಕೆಲಸ ಏನರೆ ಒಂದು ಕೊಡ್ರಿ. ಮುಂದಿಂದು ನನ್ನ ಕೇಳಬ್ಯಾಡ್ರಿ.” ನಾನು ಕೇಳಲಿಲ್ಲ. ಮನೆಯಲ್ಲಿಯೂ ಮಾತಿನ ಮೊದಲರ್ಧವನ್ನು ನುಂಗಿ, ಒಣ ಹವೆಯ ಭಾಗವನ್ನಷ್ಟೇ ಹೇಳಿದೆ. ಅವ್ವ ಅದನ್ನೇ ಮಂತ್ರದಂತೆ ಹಿಡಿದುಕೊಂಡಳು. ಒಣ ಹವೆ ನಮ್ಮಲ್ಲಿ ಬೇಕಾದಷ್ಟಿತ್ತು. ಅದೊಂದಕ್ಕೆ ನಾವು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ.

ಬಂದ ದಿನವೇ ಅವನು ಕೊಟ್ಟಿಗೆಗೆ ಹೋದ. ನಾವು ಹೆಮ್ಮೆಯಿಂದ ಹುಲ್ಲು ಸರಿಸಿ, ಸೊಪ್ಪು ಗುಡಿಸಿ ತೋರಿಸಿದೆವು. ಅವನು ದೋಣಿಯ ಆ ಬದಿಗೆ ಕುಕ್ಕುರುಗಾಲಿನಲ್ಲಿ ಕೂತ. ಈ ಬದಿಗೆ ನಿಂತ ನನಗೆ ಹಲಗೆಗಳ ಸಂದಿಯಲ್ಲಿ ಅವನ ಕಣ್ಣು, ಮೂಗು, ಬಿಳಿಚಿದ ಗಲ್ಲ, ಎಲ್ಲ ಬೇರೆಬೇರೆಯಾಗಿ ಕಂಡವು. “ಅವ್ವಾ, ಇದನ್ನ ಹಪ್ಪಳ ಮಾಡೀಯಲ್ಲ!” ಎಂದು ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೊಲ್ಲದಾಯಿತು; ನಾನು ಬೆನ್ನು ನೀವುತ್ತ ನಿಂತೆ. ಸುಧಾರಿಸಿಕೊಂಡ ಮೇಲೆ ಅವನು ತಿಳಿಸಿ ಹೇಳಿದ: ದೋಣಿಯ ಹಲಗೆಗಳು ನೀರು ಕುಡಿದು ಉಬ್ಬಿದರೆ ಮಾತ್ರ ಒಂದಕ್ಕೊಂದು ಬಿಗಿಯುತ್ತವೆ, ದಿನಾ ನೀರು ಬೀಳಬೇಕು, ಒಂದು ವಾರ ಬಿಟ್ಟರೂ ಬಾಯಿ ಬಿಡುತ್ತವೆ. “ಚಿಂತಿ ಇಲ್ಲ ಅಣ್ಣಾ. ಸಂದಿಗೆ ಹತ್ತಿ ತುಂಬೋಣು, ರಾಳ ಹಾಕೋಣು, ನೀರು ಹೊಡಿಯೋಣು. ದೀಪಾವಳಿ ಅಂದ್ರ ಭಾಳ ದಿನ ಅದ. ಅಷ್ಟರಾಗ ಅದೂ ತಯಾರಾಗ್ತದ, ನಾನೂ ಆಗ್ತೇನಿ.” ಡಾಕ್ಟರರು ಹೇಳಿದ, ಮನಸ್ಸಿಗೆ ಹತ್ತುವ ಕೆಲಸ ತಾನಾಗಿಯೇ ಸಿಕ್ಕಿತ್ತು. ನನಗೆ ಮಾತ್ರ ಆ ಕ್ಷಣ ಎಲ್ಲಿಯಾದರೂ ಓಡಿಹೋಗಬೇಕೆನ್ನಿಸಿತು.

ದೋಣಿ ಹಿತ್ತಲಿಗೆ ಬಂತು, ಬೇವಿನ ಗಿಡದ ಕೆಳಗೆ ನಿಂತಿತು. ಅದರ ಪಕ್ಕದಲ್ಲಿ ವಾಸು ಮಲಗುವ ಹೊರಸು. ಬಾಗಲಕೋಟೆಯಲ್ಲಿ ಹತ್ತಿಗೆ ಬರವೇ? ಬೇಕಾದಷ್ಟು ತಂದು, ಬತ್ತಿ ಹೊಸೆದ ಹಾಗೆ ಹೊಸೆದು, ಮೊಂಡು ಉಳಿಯಿಂದ ಸಂದಿಗೆ ತುಂಬಿದೆವು. ಅದರ ಮೇಲೆ ಕಾಸಿದ ರಾಳ. ಕಡಲ ಕಡೆಯವರು ಇದಕ್ಕೆ ಮೀನಿನ ಎಣ್ಣೆ ಸವರುತ್ತಾರೆಂದು ವಾಸು ಬಾಯಿ ತಪ್ಪಿ ಹೇಳಿಬಿಟ್ಟ. ಅವ್ವ ಅಡುಗೆಮನೆಯಿಂದಲೇ “ಆ ಮಾತು ಮತ್ತೊಮ್ಮೆ ಆಡಿದ್ರ ನಾ ಈ ಮನ್ಯಾಗ ನೀರು ಸುದ್ದಾ ಮುಟ್ಟೂದಿಲ್ಲ” ಎಂದಳು. ಕುಸುಬಿ ಎಣ್ಣೆಯಿಂದ ಕೆಲಸ ಸಾಗಿಸಿದೆವು. ಪೇಟೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವ ಮಾಸ್ತರನಾದ ನಾನು ಕೈಗೆಲ್ಲ ರಾಳ ಅಂಟಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ಸುಣ್ಣದ ಕಡ್ಡಿ ಬೆರಳಿಗೆ ಹತ್ತಿದ್ದು ಬಿಡುತ್ತಿರಲಿಲ್ಲ.

ನೀರಿನದೇ ದೊಡ್ಡ ಕದನ. ನಮ್ಮ ಬಾವಿಯ ನೀರು ಸವಳು, ಬಳಕೆಗೆ ಮಾತ್ರ. ಕುಡಿಯುವ ಸಿಹಿನೀರನ್ನು ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಒರತೆ ತೆಗೆದು, ಅದು ಜಿನುಗಿದಂತೆ ಬಟ್ಟಲಿನಿಂದ ಎತ್ತಿ ಎತ್ತಿ ಕೊಡ ತುಂಬಿಸಬೇಕು. ಅವ್ವ ಬೆಳಗಿನ ಜಾವ ಮಡಿಯುಟ್ಟು ಹೋದರೆ ಒಂದು ಕೊಡದೊಡನೆ ಮರಳುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ದೋಣಿಗೆ ನಾವು ಹಾಕುತ್ತಿದ್ದುದು ಬಾವಿಯ ಸವಳು ನೀರೇ. ಆದರೂ ಬಾವಿ ದಿನದಿನಕ್ಕೆ ಕೆಳಗಿಳಿಯುತ್ತಿತ್ತು, ಹಗ್ಗ ಉದ್ದವಾಗುತ್ತಿತ್ತು. ನಾನು ಸೇದಿ ಇಡುವುದು, ವಾಸು ತಂಬಿಗೆ ತಂಬಿಗೆಯಾಗಿ ಪ್ರತಿಯೊಂದು ಸಂದಿಯ ಮೇಲೆ ಹೊಯ್ಯುವುದು, ಒಳಗೆ ಹಾಸಿದ ಗೋಣಿತಟ್ಟನ್ನು ತೋಯಿಸುವುದು. ಒಂದು ಸಾಲು ಮುಗಿಸಿ ಹೊರಸಿನ ಮೇಲೆ ಕೂತು ದಮ್ಮು ತಗೊಂಡು, ಮತ್ತೆ ಏಳುವನು.

“ಊರಾಗ ಮನಷ್ಯಾರಿಗೆ ನೀರಿಲ್ಲ, ಇಂವಾ ಕಟ್ಟಿಗಿಗೆ ಕುಡಸ್ತಾನ,” ಎಂದು ಅವ್ವ ನನಗೆ ಕೇಳುವಂತೆ ಗೊಣಗುವಳು. ಅವಳ ಸಿಟ್ಟಿನ ಬೇರು ನೀರಿನಲ್ಲಿರಲಿಲ್ಲ. ಡಾಕ್ಟರರು ಒಣ ಹವೆ ಎಂದಿದ್ದರಲ್ಲ. ಮಗನ ತಲೆದಿಂಬಿನ ಹತ್ತಿರ ಹಗಲಿಡೀ ಒಂದು ತೊಯ್ದ ವಸ್ತು ನಿಂತಿರುವುದನ್ನು ಅವಳು ಸಹಿಸಲಾರಳು. ಹೊರಸನ್ನು ಪಡಸಾಲೆಗೆ ಎಳೆಸುವಳು. ಅವನು ಮತ್ತೆ ಹಿತ್ತಲಿಗೆ ಎಳೆಸುವನು. ಹೊರಸು ಎಳೆಯುವ ಆಳು ಎರಡೂ ಪಕ್ಷಕ್ಕೆ ನಾನೇ. “ನೀನರೆ ತಿಳಿಸಿ ಹೇಳಬಾರದೇನು? ನಾಲ್ಕು ಅಕ್ಷರಾ ಕಲತಾಂವ,” ಎಂದು ಅವಳು ನನ್ನನ್ನೇ ಬೈಯುವಳು. ಏನೆಂದು ತಿಳಿಸಿ ಹೇಳಲಿ? ಹವೆ ಒಣಗಿದ್ದರೂ ಹಸಿಯಿದ್ದರೂ ಇನ್ನು ಅಂಥ ವ್ಯತ್ಯಾಸವಿಲ್ಲವೆಂಬುದು ಆ ಮನೆಯಲ್ಲಿ ನನಗೊಬ್ಬನಿಗೆ ಗೊತ್ತು ಎಂದು ನಾನು ಆಗ ತಿಳಿದಿದ್ದೆ.

ಇತ್ತ ಸುರಕ್ಷಿತ ಯಾತ್ರೆಗೆ ಬೇಕಾದ ಸಾಮಗ್ರಿಯನ್ನು ಕೂಡಿಹಾಕುವ ಕೆಲಸವೂ ನಡೆದಿತ್ತು. ವಾಸು ಹೊರಸಿನ ಮೇಲೆ ಮಲಗಿ ಆಜ್ಞೆ ಮಾಡುವನು, ನಾನು ಜಿಲ್ಲೆ ಅಲೆಯುವೆನು. ಹಾಯಿಗೆ ಬಿಗಿ ನೇಯ್ಗೆಯ ದಪ್ಪ ಅರಿವೆ ಬೇಕೆಂದ. ಇಳಕಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ತಂದೆಯೊಬ್ಬರು ಮಗ್ಗದವರು. ಹುನಗುಂದದ ಮೇಲಿಂದ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅವರು ನನ್ನ ಮಾತನ್ನು ಗೌರವದಿಂದ ಕೇಳಿ, ಉದ್ದಗಲ ವಿಚಾರಿಸಿ, ಕಡೆಗೆ ಬಹಳ ಸಂಕೋಚದಿಂದ, “ಸೆರಗ ಬ್ಯಾಡಂದ್ರಿ, ಒಪ್ಪಿದೆ. ದಡೀನೂ ಬ್ಯಾಡಂದ್ರ ಹೆಂಗ್ರಿ ಮಾಸ್ತರ? ದಡಿ ಇಲ್ದ ಅರಿವಿ ನಮ್ಮ ಮಗ್ಗದಿಂದ ಇಳದs ಇಲ್ರಿ,” ಎಂದರು. ಗಾಳಿಗೆ ದಡಿಯ ಅವಶ್ಯಕತೆಯಿಲ್ಲವೆಂದು ನಾನು ಎಷ್ಟೋ ಹೇಳಿದೆ. ಹಾಯಿ ಬಂದಾಗ ಅದಕ್ಕೆ ಎರಡೂ ಬದಿಗೆ ಬೆರಳಗಲದ ಕೆಂಪು ದಡಿ ಇತ್ತು. ವಾಸು ಅದನ್ನು ಹೊದೆದುಕೊಂಡು ನೋಡಿ, “ಲಗ್ನದ ಧೋತ್ರ ಆತು ಬಿಡು,” ಎಂದ. ಒಳಗೆ ಅವ್ವನ ಕೈಯಲ್ಲಿದ್ದ ಪಾತ್ರೆಯ ಸದ್ದು ಸ್ವಲ್ಪ ಹೊತ್ತು ನಿಂತಿತು.

ಲಂಗರಿಗೆ ಕಲ್ಲು ಬೇಕಾಯಿತು. ಬಾದಾಮಿಯ ಕೆಂಪು ಕಲ್ಲಿನಲ್ಲಿ ನಡುವೆ ತೂತು ಕೊರೆಸಿ, ಬುಟ್ಟಿಯಲ್ಲಿಟ್ಟುಕೊಂಡು ಸ್ಟೇಶನ್ನಿಗೆ ಬರುವಷ್ಟರಲ್ಲಿ ರೈಲು ಹೋಗಿತ್ತು. ಕುಳಗೇರಿ ಕ್ರಾಸಿಗೆ ಬಂದು, ಬಾಗಲಕೋಟೆಯ ಬಸ್ಸಿಗೆ ಕಾಯುತ್ತ, ಚಹಾದ ಅಂಗಡಿಯ ಮುಂದಿನ ಬಾಕಿನ ಮೇಲೆ ಆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ರೈತನೊಬ್ಬ ಬಹಳ ಹೊತ್ತು ನೋಡಿ, “ಬೀಸೂ ಕಲ್ಲೇನ್ರಿ?” ಎಂದ. ಇದು ಲಂಗರು, ದೋಣಿ ಹೋಗದ ಹಾಗೆ ಹಿಡಿದು ನಿಲ್ಲಿಸುವ ಕಲ್ಲು ಎಂದೆ. ಅವನು ಆಲೋಚಿಸಿ, “ಹೋಗೂದ ಬ್ಯಾಡ ಅನ್ನೂದಿತ್ತಂದ್ರ ದೋಣೀ ಯಾಕ ಮಾಡಿಸಿದ್ರಿ?” ಎಂದು ಬೀಡಿ ಹಚ್ಚಿದ. ಬೇರೆ ಯಾವಾಗಲಾದರೂ ಆಗಿದ್ದರೆ ಮನೆಗೆ ಬಂದು ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ; ಆ ದಿನ ಬಸ್ಸಿನಲ್ಲಿ ಕೂತು ಅತ್ತೆ.

ಗುಡೂರಿನಿಂದ ಒಣಗಿದ ಸೋರೆಬುರುಡೆಗಳು ಬಂದವು. ನಮ್ಮ ಕಡೆಯ ಹುಡುಗರು ಅವನ್ನು ಸೊಂಟಕ್ಕೆ ಕಟ್ಟಿಕೊಂಡೇ ಈಜು ಕಲಿಯುತ್ತಾರೆ. ನಾನು ಮುಳುಗಬಾರದೆಂದು ವಾಸು ಅವನ್ನು ನನ್ನ ಅಳತೆಗೆ ಕಟ್ಟಿಸಿದ. ಅವುಗಳ ಸಮೇತ ನನ್ನನ್ನು ಹಿತ್ತಲಿನಲ್ಲಿ ಓಡಾಡಿಸಿ ನೋಡಿದ. ಸಂಸ್ಕೃತದ ಮಾಸ್ತರ ಎರಡೂ ಬದಿಗೆ ಬುರುಡೆ ಕಟ್ಟಿಕೊಂಡು ಬೇವಿನ ಗಿಡ ಸುತ್ತುವುದನ್ನು ಗೋಡೆಯಾಚೆಯಿಂದ ಎಷ್ಟು ಜನ ನೋಡಿದರೋ, ಮರುದಿನ ಶಾಲೆಯಲ್ಲಿ ನನ್ನ ವರ್ಗ ಅಸಹಜವಾದ ಶಾಂತಿಯಿಂದ ಕೂತಿತ್ತು. ನೀರು ಮೊಗೆದು ಚೆಲ್ಲಲು ತೆಂಗಿನ ಚಿಪ್ಪು, ಹೆಚ್ಚಿನ ಹಗ್ಗ, ಗಾಳಿಗೆ ಆರದ ಕಂದೀಲು, ಒಂದು ಹುಟ್ಟು ಮುರಿದರೆ ಇರಲೆಂದು ಇನ್ನೊಂದು ಹುಟ್ಟು, ಹೀಗೆ ಕಡಲಿನಲ್ಲಿ ಒದಗಬಹುದಾದ ಒಂದೊಂದು ಗಂಡಾಂತರಕ್ಕೂ ಒಂದೊಂದು ಪರಿಹಾರ ನಮ್ಮ ಹಿತ್ತಲಿಗೆ ಬಂದು ಸೇರಿತು. ಕಡಲು ಎಷ್ಟು ಹರದಾರಿ ದೂರವಿತ್ತೋ ದೇವರಿಗೇ ಗೊತ್ತು.

ಅವನನ್ನು ನೋಡಲು ಬರುತ್ತಿದ್ದವರು ಕಡಿಮೆ. ಬಂದವರೂ ಹಿತ್ತಲ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದರು. ರೋಗದ ಹೆದರಿಕೆ, ನಾನು ಅವರನ್ನು ದೂರುವುದಿಲ್ಲ. ಅಲ್ಲಿಂದಲೇ “ಹೆಂಗದನೋ ವಾಸು ನಿನ್ನ ಹಡಗ?” ಎಂದು ಕೇಳುವರು. “ಎಡಗಡೆ ಇನ್ನೊಂದಿಷ್ಟು ಸೋರತದ್ರಿ,” ಎಂದು ಅವನು ಹೇಳುವನು. ಅವನ ಮೈಯ ಬಗ್ಗೆ ಯಾರೂ ಕೇಳಬೇಕಾಗಿ ಬರಲಿಲ್ಲ, ಅವನೂ ಹೇಳಬೇಕಾಗಿ ಬರಲಿಲ್ಲ. ದೋಣಿ ಇರದಿದ್ದರೆ ಆ ಜನ ಏನು ಮಾತಾಡುತ್ತಿದ್ದರೋ ನಾನು ಊಹಿಸಲಾರೆ. ಅದೊಂದು ಉಪಕಾರವನ್ನು ಆ ದೋಣಿ ನಮಗೆ ಮಾಡಿದೆ.

ಚೈತ್ರದ ಉರಿಯಲ್ಲಿ ಸಂದಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಮೊದಲು ಒಳಗೆ ಕೂತವನಿಗೆ ಹೊರಗಿನ ಬೆಳಕು ಗೆರೆಗೆರೆಯಾಗಿ ಕಾಣುತ್ತಿತ್ತು, ಆಮೇಲೆ ಚುಕ್ಕೆಗಳಾಗಿ, ಆಮೇಲೆ ಇಲ್ಲವಾಯಿತು. ಅದೇ ಕಾಲದಲ್ಲಿ ವಾಸುವಿನ ಮಣಿಕಟ್ಟಿನ ಎಲುಬು ಎದ್ದು ಬಂತು, ತಂಬಿಗೆ ಎತ್ತುವಾಗ ಎರಡು ಕೈ ಬೇಕಾಯಿತು, ಸಂಜೆಯ ಜ್ವರ ಮಧ್ಯಾಹ್ನಕ್ಕೇ ಬರತೊಡಗಿತು. ನಾನು ಎರಡನ್ನೂ ದಿನಾ ನೋಡುತ್ತಿದ್ದೆ. ದೋಣಿ ಸುಧಾರಿಸುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ನೀವು ನನ್ನನ್ನು ಹುಚ್ಚನೆನ್ನಬಹುದು. ಆದರೆ ಖರೆ ಹೇಳುತ್ತೇನೆ, ಆಗುತ್ತಿತ್ತು.

ಒಂದು ದಿನ ಪರೀಕ್ಷೆ ಮಾಡಿದೆವು. ಕಲ್ಲುಗಳ ಮೇಲಿದ್ದ ದೋಣಿಯೊಳಗೆ ಬೆಳಿಗ್ಗೆ ಅರ್ಧದವರೆಗೆ ನೀರು ತುಂಬಿಸಿ, ಕೆಳಗಿನ ನೆಲವನ್ನು ಗುಡಿಸಿ, ತೆಳ್ಳಗೆ ಬೂದಿ ಹರವಿದೆವು. ಸಂಜೆ ವಾಸು ಮಂಡಿಯೂರಿ ಬಗ್ಗಿ ಬೂದಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಎಲ್ಲಿಯೂ ಒಂದು ಹನಿ ಬಿದ್ದ ಗುರುತಿರಲಿಲ್ಲ. ನಾನು ಸಂತೋಷವನ್ನು ಅಭಿನಯಿಸಿದೆ. ನನ್ನ ಹೆಂಡತಿ ಹೋಳಿಗೆ ಮಾಡಿದಳು. ಅವ್ವ ಕೂಡ ಬಂದು ನೋಡಿ, “ಆತಲಾ, ಇನ್ನರೆ ನನ್ನ ಬಾವಿ ಉಳೀತದ,” ಎಂದಳು. ವಾಸು ಹೋಳಿಗೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟ. ದಣಿದಿದ್ದಾನೆಂದು ಅಂದುಕೊಂಡೆವು.

ಆಮೇಲೆ ಶಾಲೆಯ ವಾರ್ಷಿಕ ಪರೀಕ್ಷೆಯ ಗದ್ದಲದಲ್ಲಿ ನಾನು ಕೆಲವು ದಿನ ಹಿತ್ತಲಿನ ಕಡೆಗೆ ಲಕ್ಷ್ಯ ಕೊಡಲಿಲ್ಲ. ಬೆಳಿಗ್ಗೆ ನೀರು ಸೇದಿಟ್ಟು ಹೋಗುತ್ತಿದ್ದೆ, ಅಷ್ಟೇ. ಒಂದು ಮುಂಜಾನೆ ಕೊಡ ಇಡಲು ಹೋದಾಗ ಹಿಂದಿನ ದಿನದ ಕೊಡ ತುಂಬಿದ್ದು ತುಂಬಿದಂತೆಯೇ ಇತ್ತು. ದೋಣಿಯೊಳಗೆ ಕೈಹಾಕಿದೆ. ಗೋಣಿತಟ್ಟು ಬಿರುಸಾಗಿ ಒಣಗಿತ್ತು, ಹಲಗೆ ಬೆಚ್ಚಗಿತ್ತು. ವಾಸು ಹೊರಸಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ.

“ನೀರು ಹಾಕಿಲ್ಲೇನೋ?” ಎಂದೆ.

“ಇಲ್ಲ ಅಣ್ಣಾ. ಬಿಟ್ಟೆ.”

“ಯಾಕ? ಮತ್ತ ಬಾಯಿ ಬಿಡ್ತದ ಅಂತ ನೀನs ಹೇಳಿದ್ದೆಲ್ಲಾ?”

ಅವನು ಬಹಳ ಶಾಂತವಾಗಿ, ತನಗಿಂತ ಚಿಕ್ಕವನಿಗೆ ಹೇಳುವ ಹಾಗೆ ಹೇಳಿದ: “ಅದು ತಯಾರಾತು. ಇನ್ನ ನಂದೊಂದs ಬಾಕಿ ಉಳೀತು. ಅದು ಆಗೂದಲ್ಲ. ನಿನಗೂ ಗೊತ್ತದ, ನನಗೂ ಗೊತ್ತದ. ಇಷ್ಟು ದಿನಾ ನೀ ಬುರುಡಿ ಕಟ್ಟಿಗೊಂಡು ಅಡ್ಡಾಡಿದ್ಯಲಾ, ಅಷ್ಟs ಸಾಕು. ಮಂದಿಗೆ ಕುಡಿಲಿಕ್ಕೆ ನೀರಿಲ್ಲ, ಸುಮ್ಮನ ಯಾಕ ಹಾಳು ಮಾಡೂದು.”

ನಾನು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟೆ. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು. ಹೊಳೆಯಿಂದ ಆಗಷ್ಟೇ ಬಂದಿದ್ದಳು. ಒದ್ದೆ ಮಡಿಸೀರೆ, ಟೊಂಕದ ಮೇಲೆ ಸಿಹಿನೀರಿನ ಕೊಡ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವನ್ನೂ ಕೇಳಿದ್ದಳು.

ಅವಳು ನೆಟ್ಟಗೆ ದೋಣಿಯ ಹತ್ತಿರ ಬಂದಳು. ಮಡಿಯಲ್ಲಿದ್ದವಳು, ಆ ರಾಳ ಹಚ್ಚಿದ, ಎಲ್ಲರೂ ಮುಟ್ಟಿದ ಕಟ್ಟಿಗೆಗೆ ಒರಗಿ ನಿಂತು, ಕೊಡವನ್ನು ಬಗ್ಗಿಸಿ, ಉಸುಕಿನ ಒರತೆಯಿಂದ ಬಟ್ಟಲು ಬಟ್ಟಲಾಗಿ ತುಂಬಿತಂದ ನೀರನ್ನು ಎಡಬದಿಯ ಸಂದಿಯಿಂದ ಆರಂಭಿಸಿ ಒಂದೊಂದರ ಮೇಲೂ ನಿಧಾನವಾಗಿ ಹೊಯ್ದಳು. ವಾಸು ಹೊರಸಿನ ಮೇಲೆ ಎದ್ದು ಕೂತ.

“ಅವ್ವಾ, ಸಾಕವ್ವಾ. ಅದು ಕುಡಿಯೂ ನೀರು.”

“ನೀ ಸುಮ್ಮನ ಮಲಕೋ,” ಎಂದಳು ಅವಳು, ಅವನ ಕಡೆ ನೋಡದೆ. “ದೀಪಾವಳಿಗೆ ಹೋಗೂದದ.”

ಅಂದಿನಿಂದ ದೋಣಿಗೆ ನೀರು ಹಾಕುವುದು ಅವ್ವನ ಕೆಲಸವಾಯಿತು. ನೀರಿನ ಬಗ್ಗೆ ಗೊಣಗಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಹೊರಸನ್ನು ಪಡಸಾಲೆಗೆ ಎಳೆಯಲೂ ಹೇಳಲಿಲ್ಲ. ವಾಸು ಮಲಗಿದಲ್ಲಿಂದಲೇ ಅವಳ ಕೈಯನ್ನು ನೋಡುವನು. ಒಮ್ಮೊಮ್ಮೆ, “ಆ ತುದಿ ಬಿಟ್ಟೀ ಅವ್ವಾ,” ಎಂದು ಬೆರಳು ಮಾಡಿ ತೋರಿಸುವನು, ಅವಳು ಹೋಗಿ ಅಲ್ಲಿಯೂ ಹೊಯ್ಯುವಳು. ಇಬ್ಬರೂ ದೀಪಾವಳಿಯ ಮಾತಾಡುತ್ತಿದ್ದರು. ಗೋಕರ್ಣದಿಂದ ಅವಳಿಗೆ ತೀರ್ಥ ತರಬೇಕೆಂದೂ, ನಾನು ವಾಂತಿ ಮಾಡಿಕೊಂಡರೆ ಕೊಡಲು ನಿಂಬೆಕಾಯಿ ಒಯ್ಯಬೇಕೆಂದೂ ತೀರ್ಮಾನಗಳಾದವು. ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲವೆಂದು ನಟಿಸಲು ನಾನೊಬ್ಬನೇ ಒದ್ದಾಡುತ್ತಿದ್ದೆ, ಅವರಿಗೆ ಅದು ಸರಾಗವಾಗಿ ಬಂದಿತ್ತು.

ಮುಂಗಾರಿನ ಮಿರಗದ ಮಳೆ ಬೀಳುವುದಕ್ಕೆ ಮುಂಚೆಯೇ ವಾಸು ಹೋದ. ಒಂದು ಮಧ್ಯಾಹ್ನ, ಹೊರಸಿನ ಮೇಲೆ, ಬೇವಿನ ಗಿಡದ ಕೆಳಗೆ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನ್ನಿಂದಾಗುವುದಿಲ್ಲ.

ಲಘುವಾಗಿ ಏನನ್ನಾದರೂ ಬರೆಯಬೇಕೆಂದು ಬಾಗಿಲಿನ ಸಂದಿಯಿಂದ ಹೊರಟವನು ನಿಮ್ಮನ್ನು ಎಲ್ಲಿಗೆ ಕರೆತಂದು ನಿಲ್ಲಿಸಿದೆನೋ, ಕ್ಷಮೆಯಿರಲಿ. ಇಷ್ಟು ವರ್ಷ ಶಬ್ದಗಳ ವ್ಯುತ್ಪತ್ತಿ ಹೇಳಿಕೊಂಡು ಬಂದ ನನಗೆ ಸುರಕ್ಷಿತ ಎಂಬ ಶಬ್ದ ಬಂದಾಗ ಈಗಲೂ ಪಾಠ ತಡೆದು ನಿಲ್ಲುತ್ತದೆ. ಅಲೆಗೆ, ಗಾಳಿಗೆ, ಬಂಡೆಗೆ, ಕತ್ತಲೆಗೆ, ನನ್ನ ಹೇಡಿತನಕ್ಕೆ ಕೂಡ ನಾವು ಏರ್ಪಾಡು ಮಾಡಿಕೊಂಡಿದ್ದೆವು. ಅವನ ಎದೆಯೊಳಗಿನದಕ್ಕೆ ಏರ್ಪಾಡು ಇರಲಿಲ್ಲ. ಮಾಡಿದ್ದೆಲ್ಲ ವ್ಯರ್ಥವೇ ಎಂದು ಕೇಳಿಕೊಂಡರೆ, ವ್ಯರ್ಥವೇ ಎನ್ನಬೇಕು. ಆದರೂ ಆ ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದು ಮಾಡಲು ಅವನಿಗೆ ಒಂದು ಕೆಲಸವಿತ್ತು, ಆಮೇಲೆ ಅವ್ವನಿಗೆ ಇತ್ತು. ಅದರಾಚೆಗೆ ನನಗೆ ಹೇಳಲು ಏನೂ ತೋಚುವುದಿಲ್ಲ.

ಮಳೆ ಹಿಡಿಯಿತು, ಹೊಳೆ ತುಂಬಿತು. ಹಿತ್ತಲಿನಲ್ಲಿ ದೋಣಿ ತಾನಾಗಿ ನೀರು ತುಂಬಿಕೊಂಡು ನಿಂತಿತು, ಯಾರೂ ಹಾಕಬೇಕಾದ ಅಗತ್ಯ ಉಳಿಯಲಿಲ್ಲ. ಮಹಾಪೂರ ಇಳಿದ ಮೇಲೆ ಹೊಳೆ ದಾಟಿಸುವ ಹರಿಗೋಲಿನವರು ಬಂದು, ಇಟ್ಟರೆ ಹಾಳಾಗುತ್ತದೆ, ನಮಗಾದರೂ ಕೊಡಿ ಎಂದರು. ಅವ್ವನನ್ನು ಕೇಳಿದೆ. “ಕೊಡು. ಮದಲ ನೀ ಕೂತು ನೋಡು. ಮಂದಿ ಜೀವದ ಪ್ರಶ್ನೆ ಅದ,” ಎಂದಳು.

ನಾಲ್ಕು ಜನ ಹೊತ್ತು ಘಟಪ್ರಭೆಗೆ ಒಯ್ದರು. ಎಂದೂ ಮೊಣಕಾಲಿಗಿಂತ ಆಳದ ನೀರಿಗಿಳಿಯದ ನಾನು ದೋಣಿಯಲ್ಲಿ ಕೂತೆ. ಹರಿಗೋಲಿನವನು ಹುಟ್ಟು ಹಾಕಿದ. ನಡು ಹೊಳೆಗೆ ಹೋದೆವು, ಆಚೆ ದಡ ಮುಟ್ಟಿ ತಿರುಗಿ ಬಂದೆವು. ಭಯವಾಗಬಹುದೆಂದು ಕಾಯುತ್ತಿದ್ದೆ, ಆಗಲಿಲ್ಲ. ಹಲಗೆಗಳ ಮೇಲೆ ಅಂಗೈ ಆಡಿಸಿ ನೋಡಿದೆ. ಎಲ್ಲ ಒಣಗಿತ್ತು, ಎಡಬದಿಯೂ ಒಣಗಿತ್ತು. ಅಷ್ಟು ಸುಸ್ಥಿತಿಯಲ್ಲಿದ್ದ ಆ ಕಟ್ಟಿಗೆಯ ಮೇಲೆ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಒದೆಯಬೇಕೆನ್ನಿಸಿತು.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆಯೆತ್ತದೆ ಕೇಳಿದಳು:

“ಸೋರತೇನು?”

“ಇಲ್ಲವ್ವಾ. ಒಂದು ಹನೀನೂ ಬರಲಿಲ್ಲ.”

ಅವಳು ಮೊರದಿಂದ ಒಂದು ಹರಳನ್ನು ಆರಿಸಿ ಆಚೆ ಎಸೆದಳು. “ಒಂದಿಷ್ಟರೆ ಸೋರಿದ್ರ ಛಲೋ ಇತ್ತು,” ಎಂದಳು.